ಬಾಡಿಗೆ ಮನೆಯ ಗ್ಯಾಸಿಗೆ ವರ್ಷಕ್ಕೊಂದು ತಪಾಸಣೆ: ಬಳ್ಳಾರಿಯ ಮನೆ ಮಾಲೀಕನೊಬ್ಬನ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಬಳ್ಳಾರಿ ಮಹಾನಗರ ಪಾಲಿಕೆಯ ಮಾನ್ಯ ಆಯುಕ್ತರಿಗೆ, ಹಾಗೂ ನನ್ನಂತೆ ಮನೆ ಬಾಡಿಗೆಗೆ ಕೊಟ್ಟಿರುವ ಈ ಊರಿನ ಎಲ್ಲ ಮಾಲೀಕರಿಗೆ,

ನಮಸ್ಕಾರಗಳು.

ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಸಹಾಯಕ ಮೆಕ್ಯಾನಿಕ್ ಆಗಿ ಸೇರಿ, 31 ವರ್ಷ ಬಸ್ಸುಗಳ ಎಂಜಿನ್ ಬಿಚ್ಚಿ ಕಟ್ಟಿ, ನಿವೃತ್ತನಾದವನು ನಾನು. ನಿವೃತ್ತಿಯಲ್ಲಿ ಕೈಗೆ ಬಂದ ಹಣಕ್ಕೆ ಬ್ಯಾಂಕಿನ ಸಾಲವನ್ನೂ ಕೂಡಿಸಿ, ಸಿರುಗುಪ್ಪ ರಸ್ತೆಯ ಕಡೆ ಮೊದಲೇ ಕೊಂಡಿದ್ದ ನಿವೇಶನದಲ್ಲಿ ಕೆಳಗೆ ನಮಗೊಂದು ಮನೆ, ಮೇಲೆ ಬಾಡಿಗೆಗೆಂದು ಮೂರು ಪೋರ್ಷನ್ ಕಟ್ಟಿಸಿದ್ದೇನೆ. ಆ ಬಾಡಿಗೆಯೇ ಇವತ್ತು ನಮ್ಮ ಸಂಸಾರದ ಆಧಾರ. ನನ್ನ ಕೋರಿಕೆ ಇಷ್ಟು: ಮನೆಯನ್ನು ಬಾಡಿಗೆಗೆ ಕೊಡುವ ಮೊದಲೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಆ ಮನೆಯ ಒಲೆ, ಟ್ಯೂಬು, ರೆಗ್ಯುಲೇಟರ್, ಸಿಲಿಂಡರ್ ಇಡುವ ಜಾಗ, ಗ್ಯಾಸ್ ಗೀಸರ್ ಮತ್ತು ಗಾಳಿಯಾಡುವ ಕಿಂಡಿಗಳನ್ನು ತರಬೇತಿ ಪಡೆದವರೊಬ್ಬರಿಂದ ತಪಾಸಣೆ ಮಾಡಿಸಿ, ಅದರ ಚೀಟಿಯನ್ನು ಬಾಡಿಗೆದಾರರ ಕೈಗೆ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಬೇಕು. ಮಾಲೀಕನಾದ ನಾನೇ ಇದನ್ನು ಏಕೆ ಕೇಳುತ್ತಿದ್ದೇನೆ ಎಂಬುದಕ್ಕೆ ನಮ್ಮ ಮನೆಯಲ್ಲೇ ನಡೆದ ಸಂಗತಿಯೊಂದನ್ನು ಹೇಳಬೇಕಾಗಿದೆ.

ನಮ್ಮ ಮೊದಲ ಮಹಡಿಯ ಪೋರ್ಷನ್ನಿನಲ್ಲಿ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್ ಆಗಿರುವವರ ಕುಟುಂಬವಿದೆ. ಗಂಡ, ಹೆಂಡತಿ, ಪಿಯುಸಿ ಓದುವ ಮಗಳು. ಕಳೆದ ಡಿಸೆಂಬರಿನ ಒಂದು ಮುಂಜಾನೆ, ಆರು ಗಂಟೆಯೂ ಆಗಿರಲಿಲ್ಲ, ಆ ತಾಯಿ ಮೆಟ್ಟಿಲಿಳಿದು ಓಡಿಬಂದು ನಮ್ಮ ಬಾಗಿಲು ಬಡಿದರು. "ಅಂಕಲ್, ಸ್ನಾನಕ್ಕೋದ ಹುಡುಗಿ ಬಾಗ್ಲು ತೆಗೀವಲ್ಲಳು, ಕೂಗಿದ್ರೆ ಮಾತೂ ಇಲ್ಲ, ನೀರು ಬೀಳೋ ಸದ್ದೊಂದೇ ಕೇಳ್ತೈತಿ" ಎಂದರು. ನಾನು ಕಬ್ಬಿಣದ ರಾಡು ತೆಗೆದುಕೊಂಡು ಹೋಗಿ ಬಚ್ಚಲುಮನೆಯ ಚಿಲಕ ಮುರಿದೆ. ಒಳಗೆ ಬಕೆಟ್ ತುಂಬಿ ನೀರು ಹೊರಚೆಲ್ಲುತ್ತಿತ್ತು, ಗೋಡೆಯ ಮೇಲೆ ಗೀಸರ್ ಇನ್ನೂ ಉರಿಯುತ್ತಿತ್ತು, ಹುಡುಗಿ ಗೋಡೆಗೆ ಒರಗಿ ಕುಸಿದು ಕೂತಿದ್ದಳು. ಅವಳ ತಾಯಿ ಮೈಗೆ ಬಟ್ಟೆ ಸುತ್ತಿದ ಕೂಡಲೇ ನಾನೂ ನನ್ನ ಹೆಂಡತಿಯೂ ಅವಳನ್ನು ಎತ್ತಿ ಬಯಲು ಗಾಳಿ ಬರುವ ಮೆಟ್ಟಿಲ ಮೇಲೆ ಮಲಗಿಸಿದೆವು. ಕೆಲ ನಿಮಿಷಗಳಾದ ಮೇಲೆ ಕಣ್ಣು ಬಿಟ್ಟಳು, ವಾಂತಿ ಮಾಡಿಕೊಂಡಳು. ಆಸ್ಪತ್ರೆಯಲ್ಲಿ ಆ ದಿನವೆಲ್ಲ ಆಮ್ಲಜನಕ ಕೊಟ್ಟು, ಮರುದಿನ ಮನೆಗೆ ಕಳಿಸಿದರು. ಪರೀಕ್ಷೆಯನ್ನೂ ಬರೆದಳು. ಇನ್ನು ಐದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಎಂದು ವೈದ್ಯರು ನನಗೆ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಬಚ್ಚಲುಮನೆ ಐದಡಿ ಉದ್ದ, ನಾಲ್ಕಡಿ ಅಗಲ. ಅದಕ್ಕೆ ಮೇಲೆ ಗಾಜಿನ ಪಟ್ಟಿಗಳ ಒಂದು ಕಿಂಡಿಯಿತ್ತು. ಹಿಂದಿನ ವರ್ಷ ಅದರ ಎರಡು ಪಟ್ಟಿಗಳು ಒಡೆದು, ಸೊಳ್ಳೆ ಬರುತ್ತವೆ, ಥಂಡಿ ಗಾಳಿ ಬರುತ್ತದೆ ಎಂದು ಬಾಡಿಗೆದಾರರು ಹೇಳಿದಾಗ, ಗಾಜು ತಂದು ಹಾಕಿಸುವ ಬದಲು ಮನೆಯಲ್ಲಿ ಬಿದ್ದಿದ್ದ ಪ್ಲೈವುಡ್ ತುಂಡೊಂದನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿದವನು ನಾನೇ. ಆ ಮಧ್ಯಾಹ್ನ ಅದೇ ಸ್ಕ್ರೂಗಳನ್ನು ನಾನೇ ಬಿಚ್ಚಿದೆ. ಪ್ಲೈವುಡ್ಡಿನ ಒಳಮುಖದಲ್ಲಿ ಹೊಗೆಯ ಮಸಿ ಅಂಗೈಯಗಲ ಕಪ್ಪಾಗಿ ಹಿಡಿದಿತ್ತು. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬಾರದು, ಮೊದಲು ಎರಡೂ ಬಾಗಿಲು ತೆಗೆಯಿರಿ ಎಂದು ಡಿಪೋದಲ್ಲಿ ಹೊಸ ಹುಡುಗರಿಗೆ ವರ್ಷಗಟ್ಟಲೆ ಹೇಳಿಕೊಟ್ಟವನು ನಾನು. ಗೀಸರ್ ಕೂಡ ಒಂದು ಎಂಜಿನ್ನಿನ ಹಾಗೆಯೇ ಗಾಳಿಯನ್ನು ತಿಂದು ಹೊಗೆ ಬಿಡುವ ಯಂತ್ರ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಬಲ್ಲವನಿಗೂ ಹೊಳೆಯದ್ದನ್ನು ವರ್ಷಕ್ಕೊಮ್ಮೆ ಬಂದು ನೋಡುವ ಇನ್ನೊಂದು ಜೊತೆ ಕಣ್ಣು ಮಾತ್ರ ತೋರಿಸಬಲ್ಲದು ಎಂದು ಆ ದಿನ ನನಗನ್ನಿಸಿತು.

ಅಪಾಯ ಎಲ್ಲಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಾನು ಮಾತಾಡಿಸಿದ ಮಾಲೀಕರಲ್ಲಿ ಬಹುತೇಕರು ಎರಡು ಬೇರೆ ಬೇರೆ ಅಪಾಯಗಳನ್ನು ಒಂದೇ ಎಂದು ತಿಳಿದಿದ್ದಾರೆ. ಗ್ಯಾಸ್ ಪೂರ್ತಿಯಾಗಿ ಉರಿಯಬೇಕಾದರೆ ಸಾಕಷ್ಟು ಗಾಳಿ ಬೇಕು. ಆಗ ಜ್ವಾಲೆ ನೀಲಿಯಾಗಿರುತ್ತದೆ. ಬಾಗಿಲು ಕಿಂಡಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಉರಿ ಹತ್ತಿ ಆಮ್ಲಜನಕ ಕಡಿಮೆಯಾಗುತ್ತ ಹೋದಂತೆ ಗ್ಯಾಸ್ ಅರೆಬರೆಯಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುವುದರಿಂದ, ಉಸಿರಾಡುತ್ತಲೇ ಇದ್ದರೂ ಮೈಗೆ ಆಮ್ಲಜನಕ ಮುಟ್ಟುವುದಿಲ್ಲ. ಮೊದಲು ತಲೆನೋವು, ಹೊಟ್ಟೆ ತೊಳಸು, ಆಮೇಲೆ ಕಾಲಿನ ಶಕ್ತಿ ಹೋಗಿ ಬಾಗಿಲ ಚಿಲಕದವರೆಗೆ ಕೈ ಎತ್ತಲೂ ಆಗದ ಸ್ಥಿತಿ. ಸಿಲಿಂಡರಿನ ಗ್ಯಾಸಿಗೆ ಸೋರಿಕೆ ಗೊತ್ತಾಗಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಾಢ ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ, ನಿಜ. ಆದರೆ ಅದು ಗ್ಯಾಸಿನ ಜೊತೆಗೇ ಉರಿದುಹೋಗುವುದರಿಂದ ಗೀಸರಿನ ಈ ವಿಷವನ್ನು ಮೂಗು ಕಂಡುಹಿಡಿಯಲಾರದು. "ವಾಸನೆ ಬಂದರೆ ಗೊತ್ತಾಗುತ್ತದಲ್ಲ" ಎಂಬ ನಮ್ಮ ಧೈರ್ಯಕ್ಕೆ ಬಚ್ಚಲುಮನೆಯಲ್ಲಿ ಅರ್ಥವಿಲ್ಲ.

ಎರಡನೆಯದು ಸೋರಿಕೆ. ನಾವು ಬಳಸುವ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನ್ ಸೇರಿದ ಗ್ಯಾಸು, ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ್ದು ಮೇಲಕ್ಕೆ ಹೋಗಿ ಕಿಟಕಿಯಿಂದ ಹೊರಬೀಳುವುದಿಲ್ಲ, ನೀರಿನಂತೆ ನೆಲದ ಮೇಲೆ ಹರಡಿ ಮೂಲೆಯಲ್ಲಿ, ಮಂಚದ ಕೆಳಗೆ, ಚರಂಡಿಯ ತೂತಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೂ ಸ್ವಿಚ್ಚಿನ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬಳ್ಳಾರಿಯ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆಯ ಪಕ್ಕದ ಕೋಣೆಯಲ್ಲೇ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ನಾಳೆ ಕೊಡಬೇಕಾದ ಪ್ಯಾಂಟುಗಳ ರಾಶಿ ಎದೆಯೆತ್ತರ ಇರುತ್ತದೆ ಎಂಬುದನ್ನು ಕೌಲ್ ಬಜಾರ್ ಕಡೆಯ ಗಲ್ಲಿಗಳಲ್ಲಿ ಓಡಾಡಿದ ಯಾರೂ ಬಲ್ಲರು.

ಆ ಘಟನೆಯಾದ ವಾರದಲ್ಲೇ ನಾನು ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಮೂರೂ ಪೋರ್ಷನ್ ತೋರಿಸಿದೆ. ಸುಮಾರು ಮೂವತ್ತರ ಪ್ರಾಯದ ಹುಡುಗ, ಮಾತು ಕಡಿಮೆ, ಕೈ ಮಾತ್ರ ಬಹಳ ಶುದ್ಧ. ಮೊದಲ ಮನೆಯಲ್ಲಿ ಟ್ಯೂಬು ಕಡಪ ಕಲ್ಲಿನ ಕಟ್ಟೆಗೆ ಕೊರೆದ ತೂತಿನಿಂದ ಕೆಳಗಿಳಿದಿತ್ತು. ಹೊರಗಿನಿಂದ ನೋಡಿದರೆ ಹೊಸದರಂತೆ ಇತ್ತು. ಅವರು ಎರಡೂ ತುದಿ ಬಿಚ್ಚಿ ಅದನ್ನು ಮೇಲಕ್ಕೆಳೆದಾಗ, ಕಲ್ಲಿನ ಅಂಚಿಗೆ ದಿನವೂ ತಿಕ್ಕುತ್ತಿದ್ದ ಜಾಗದಲ್ಲಿ ಕಿತ್ತಳೆ ಬಣ್ಣದ ಹೊದಿಕೆ ಸವೆದು ಒಳಗಿನ ತಂತಿ ಕಾಣಿಸುತ್ತಿತ್ತು. ಸುರಕ್ಷಾ ಟ್ಯೂಬಿನ ಆಯುಷ್ಯ ಐದು ವರ್ಷ, ತಯಾರಾದ ವರ್ಷವನ್ನು ಅದರ ಮೈಮೇಲೇ ಅಚ್ಚು ಹಾಕಿರುತ್ತಾರೆ. ಈ ಟ್ಯೂಬಿನ ಮೇಲಿದ್ದ ವರ್ಷಕ್ಕೆ ಎಂಟು ವರ್ಷ ಕಳೆದಿತ್ತು. ಅದನ್ನು ಹಿಂದಿನ ಬಾಡಿಗೆದಾರರು ಬಿಟ್ಟುಹೋಗಿದ್ದರು, ಈಗಿನವರು ಹಾಗೆಯೇ ಜೋಡಿಸಿಕೊಂಡಿದ್ದರು, ನಾನು ನೋಡಿಯೇ ಇರಲಿಲ್ಲ. ಎರಡನೆಯ ಮನೆಯಲ್ಲಿ, ಅಂದರೆ ಆ ಹುಡುಗಿಯ ಮನೆಯಲ್ಲಿ, ಒಂದೇ ಸಿಲಿಂಡರಿಗೆ ಟೀ ಎಂಬ ಮೂರು ಬಾಯಿಯ ಜೋಡಣೆ ಹಾಕಿ ಒಂದು ಕವಲನ್ನು ಒಲೆಗೆ, ಇನ್ನೊಂದನ್ನು ಗೋಡೆಯ ತೂತಿನ ಮೂಲಕ ಬಚ್ಚಲುಮನೆಯ ಗೀಸರಿಗೆ ಕೊಟ್ಟಿದ್ದರು. ಮೆಕ್ಯಾನಿಕ್ ಸೋಪಿನ ನೊರೆಯನ್ನು ಆ ಟೀ ಜೋಡಣೆಯ ಮೇಲೆ ಬಟ್ಟೆಯಿಂದ ಹಚ್ಚಿದರು. ಅರೆ ನಿಮಿಷ ಏನೂ ಇಲ್ಲ. ಆಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದು, ದೊಡ್ಡದಾಗಿ, ಒಡೆದು, ಮತ್ತೆ ಎದ್ದಿತು. "ಸಾರ್, ಇದು ವಾಸನೆ ಬರೋವಷ್ಟಿಲ್ಲ, ಆದ್ರೆ ರಾತ್ರಿಯೆಲ್ಲ ಸೋರ್ತಾ ಇರುತ್ತೆ" ಎಂದರು. ಮೂರನೆಯ ಮನೆಯಲ್ಲಿ ದೋಷವೇನೂ ಇರಲಿಲ್ಲ. ಆದರೆ ಆ ಮನೆಯ ಹುಡುಗರಿಗೆ ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಬರೆದಿರುವ ಅಕ್ಷರ ಮತ್ತು ಅಂಕಿ ಏನೆಂದು ಗೊತ್ತಿರಲಿಲ್ಲ. ಎ, ಬಿ, ಸಿ, ಡಿ ಎಂಬ ನಾಲ್ಕು ಅಕ್ಷರಗಳು ವರ್ಷದ ನಾಲ್ಕು ತ್ರೈಮಾಸಿಕಗಳು. ಬಿ 28 ಎಂದಿದ್ದರೆ 2028ರ ಜೂನ್ ಒಳಗೆ ಆ ಸಿಲಿಂಡರನ್ನು ಮರುಪರೀಕ್ಷೆಗೆ ಕಳಿಸಬೇಕು ಎಂದರ್ಥ. ಅವಧಿ ಮುಗಿದದ್ದು ಬಂದರೆ ಬಾಗಿಲಲ್ಲೇ ಹಿಂದಿರುಗಿಸುವ ಹಕ್ಕು ಗ್ರಾಹಕರಿಗಿದೆ. ಈ ಇಷ್ಟು ವಿಷಯವನ್ನು ನಾನು ಅರವತ್ತು ದಾಟಿದ ಮೇಲೆ ಕಲಿತೆ.

ಮೂರು ಮನೆಗೂ ಹೊಸ ಟ್ಯೂಬು, ಎರಡು ರೆಗ್ಯುಲೇಟರ್, ಗೀಸರನ್ನು ಬಚ್ಚಲುಮನೆಯಿಂದ ತೆಗೆದು ಹಿಂದಿನ ಬಾಲ್ಕನಿಯ ಗೋಡೆಗೆ ಹಾಕಿಸಿ ಬಿಸಿನೀರನ್ನು ಪೈಪಿನಲ್ಲಿ ಒಳಗೆ ತಂದ ಕೂಲಿ, ಕಿಂಡಿಗಳಿಗೆ ಗಾಜಿನ ಪಟ್ಟಿ ಮತ್ತು ಸೊಳ್ಳೆ ಜಾಲರಿ, ಎಲ್ಲವೂ ಸೇರಿ ನನಗಾದ ಖರ್ಚು ಆ ಮೂರು ಮನೆಗಳ ಒಂದು ತಿಂಗಳ ಬಾಡಿಗೆಗಿಂತ ಕಡಿಮೆ. ಪ್ರತಿ ವರ್ಷದ ತಪಾಸಣೆಗೆ ಅದರ ಅಲ್ಪ ಭಾಗ ಸಾಕು.

ಹಾಗಾದರೆ ಇಷ್ಟು ದಿನ ಇದನ್ನು ಯಾರೂ ಏಕೆ ನೋಡಲಿಲ್ಲ? ಗ್ಯಾಸ್ ಕಂಪನಿಗಳ ವಿತರಕರು ನಿಗದಿತ ಅವಧಿಗೊಮ್ಮೆ ಗ್ರಾಹಕರ ಮನೆಗೆ ಬಂದು ಕಡ್ಡಾಯ ತಪಾಸಣೆ ಮಾಡಬೇಕೆಂಬ ವ್ಯವಸ್ಥೆ ಇದ್ದೇ ಇದೆ. ಆದರೆ ಆ ತಪಾಸಣೆ ಹುಡುಕಿಕೊಂಡು ಹೋಗುವುದು ಪುಸ್ತಕದಲ್ಲಿರುವ ಗ್ರಾಹಕರ ಹೆಸರು ಮತ್ತು ವಿಳಾಸವನ್ನು. ನಮ್ಮ ಊರಿನ ಬಾಡಿಗೆದಾರರಲ್ಲಿ ಆ ವಿಳಾಸದಲ್ಲೇ ಇರುವವರು ಎಷ್ಟು ಜನ? ತೋರಣಗಲ್ಲಿನ ಕಾರ್ಖಾನೆಗೆ ಹೋಗಿಬರುವವರು, ವಿಶ್ವವಿದ್ಯಾಲಯದಲ್ಲಿ ಓದುವವರು, ಗಡಿಯಾಚೆಯ ಆಂಧ್ರದ ಹಳ್ಳಿಗಳಿಂದ ಬಂದ ಹೊಲಿಗೆಯವರು, ಬಹಳಷ್ಟು ಜನ ಊರಿನ ಮನೆಯ ಸಿಲಿಂಡರನ್ನೋ ಅಣ್ಣನ ಹೆಸರಿನ ಸಂಪರ್ಕವನ್ನೋ ಇಲ್ಲಿಗೆ ತಂದುಕೊಂಡಿರುತ್ತಾರೆ. ಅದಕ್ಕೂ ದಾರಿಯಿಲ್ಲದವರು ಸಣ್ಣ ಸಿಲಿಂಡರನ್ನು ಅಂಗಡಿಯೊಂದರಲ್ಲಿ ದೊಡ್ಡ ಸಿಲಿಂಡರಿನಿಂದ ಅಕ್ರಮವಾಗಿ ತುಂಬಿಸಿಕೊಳ್ಳುತ್ತಾರೆ. ಈ ಸ್ಥಿತಿಗೆ ನಾವು ಮಾಲೀಕರೇ ದೊಡ್ಡ ಕಾರಣ ಎಂದು ಹೇಳಲು ನನಗೆ ಸಂಕೋಚವಿಲ್ಲ. ಬಾಡಿಗೆ ಕರಾರನ್ನು ಬರೆದುಕೊಟ್ಟರೆ ಅದೇ ವಿಳಾಸದ ಪುರಾವೆಯಾಗಿ ಬಾಡಿಗೆದಾರರು ತಮ್ಮ ಹೆಸರಿನಲ್ಲೇ ಸಂಪರ್ಕ ಪಡೆಯಬಹುದು. ಆದರೆ ತೆರಿಗೆಯ ಲೆಕ್ಕಕ್ಕೆ ಸಿಕ್ಕೀತೆಂದೋ, ಮುಂದೆ ಮನೆ ಬಿಡಿಸಲು ತೊಡಕಾದೀತೆಂದೋ ನಾವು ಬಾಯಿಮಾತಿನಲ್ಲೇ ಮನೆ ಕೊಡುತ್ತೇವೆ.

ಇದರ ಪರಿಣಾಮ ತಪಾಸಣೆ ತಪ್ಪುವುದಷ್ಟಕ್ಕೇ ನಿಲ್ಲುವುದಿಲ್ಲ. ಸರ್ಕಾರಿ ತೈಲ ಕಂಪನಿಗಳು ಎಲ್‌ಪಿಜಿ ಅಪಘಾತಗಳಿಗಾಗಿ ವಿಮೆ ಮಾಡಿಸಿರುತ್ತವೆ. ಸಾವು ಸಂಭವಿಸಿದರೆ ಒಬ್ಬರಿಗೆ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ಒಬ್ಬರಿಗೆ ಗರಿಷ್ಠ 2 ಲಕ್ಷದಂತೆ ಒಂದು ಅಪಘಾತಕ್ಕೆ 30 ಲಕ್ಷದವರೆಗೆ, ಆಸ್ತಿ ನಷ್ಟಕ್ಕೆ ಗರಿಷ್ಠ 2 ಲಕ್ಷ. ಈ ಆಸ್ತಿ ನಷ್ಟದ ಪರಿಹಾರ ಸಿಗುವುದು ನೋಂದಾಯಿತ ಗ್ರಾಹಕರ ನೋಂದಾಯಿತ ವಿಳಾಸದಲ್ಲಿ ಅಪಘಾತವಾದರೆ. ಬೇರೆಯವರ ಹೆಸರಿನ ಸಿಲಿಂಡರಿಟ್ಟುಕೊಂಡ ಬಾಡಿಗೆದಾರರ ಹೊಲಿಗೆ ಯಂತ್ರ ಸುಟ್ಟುಹೋದರೂ, ಅದರ ಮೇಲಿನ ನನ್ನ ಛಾವಣಿ ಬಿರುಕು ಬಿಟ್ಟರೂ, ಯಾವ ಕಾಗದ ಹಿಡಿದು ಕೇಳುವುದು? ಕರಾರು ಬರೆದುಕೊಡದೆ ಉಳಿಸಿಕೊಂಡೆವೆಂದು ನಾವು ತಿಳಿದದ್ದು ಆ ದಿನ ನಮ್ಮನ್ನೇ ಮುಳುಗಿಸುತ್ತದೆ.

ಈ ವಿಷಯದಲ್ಲಿ ಬೇರೆ ದೇಶದವರು ಏನು ಮಾಡಿದ್ದಾರೆಂದು ನನ್ನ ಮಗನ ಸಹಾಯದಿಂದ ಓದಿ ತಿಳಿದುಕೊಂಡೆ. ಬ್ರಿಟನ್ನಿನಲ್ಲಿ 1998ರ ಗ್ಯಾಸ್ ಸುರಕ್ಷತಾ ನಿಯಮಗಳಿವೆ. ಅವುಗಳ 36ನೇ ನಿಯಮದಂತೆ, ಮನೆ ಬಾಡಿಗೆಗೆ ಕೊಟ್ಟವರು ತಾವು ಒದಗಿಸಿರುವ ಗ್ಯಾಸ್ ಉಪಕರಣಗಳನ್ನೂ ಹೊಗೆಗೊಳವೆಗಳನ್ನೂ 12 ತಿಂಗಳಿಗೊಮ್ಮೆ ತಪಾಸಣೆ ಮಾಡಿಸಲೇಬೇಕು. ತಪಾಸಣೆಯ ದಾಖಲೆಯ ಪ್ರತಿಯನ್ನು 28 ದಿನಗಳೊಳಗೆ ಬಾಡಿಗೆದಾರರಿಗೆ ಕೊಡಬೇಕು, ಹೊಸ ಬಾಡಿಗೆದಾರರಾದರೆ ಅವರು ಮನೆಯೊಳಗೆ ಕಾಲಿಡುವ ಮೊದಲೇ ಕೊಡಬೇಕು, ಇನ್ನೆರಡು ತಪಾಸಣೆ ಆಗುವವರೆಗೆ ಅದನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. ತಪಾಸಣೆ ಮಾಡುವವರು ಗ್ಯಾಸ್ ಸೇಫ್ ರಿಜಿಸ್ಟರ್ ಎಂಬ ಪಟ್ಟಿಯಲ್ಲಿ ಹೆಸರಿರುವವರೇ ಆಗಿರಬೇಕು. ಆ ಪಟ್ಟಿ 2009ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ತಪ್ಪಿದರೆ ಅದು ಅಪರಾಧ. ಅಲ್ಲಿಯ ಮನೆಗಳಿಗೆ ಬರುವುದು ಬಹುಪಾಲು ಕೊಳವೆಯ ಗ್ಯಾಸು, ಮನೆ ಬೆಚ್ಚಗಿಡುವ ಬಾಯ್ಲರು ಮಾಲೀಕರದ್ದೇ. ನಮ್ಮಲ್ಲಿ ಒಲೆಯೂ ಸಿಲಿಂಡರೂ ಬಾಡಿಗೆದಾರರದ್ದು. ಅಲ್ಲಿಯೂ ಬಾಡಿಗೆದಾರರ ಸ್ವಂತ ಉಪಕರಣದ ಹೊಣೆ ಮಾಲೀಕರದ್ದಲ್ಲ. ಆದ್ದರಿಂದ ಆ ನಿಯಮವನ್ನು ಇಲ್ಲಿ ಹಾಗೆಯೇ ತಂದು ನೆಡಲಾಗದು ಎಂಬುದನ್ನು ನಾನು ಒಪ್ಪುತ್ತೇನೆ.

ಆದರೆ ಒಲೆ ಯಾರದ್ದೇ ಇರಲಿ, ಅದು ಉರಿಯುವ ಕೋಣೆ ಮಾಲೀಕರದ್ದು. ಕಿಂಡಿ ಎಲ್ಲಿರಬೇಕು, ಎಷ್ಟಗಲ ಇರಬೇಕು, ಸಿಲಿಂಡರ್ ನೆಟ್ಟಗೆ ನಿಲ್ಲುವ ಜಾಗ ಯಾವುದು, ಕಟ್ಟೆಯ ಕಲ್ಲಿನಲ್ಲಿ ತೂತು ಎಲ್ಲಿ ಕೊರೆಯಬೇಕು, ಗೀಸರ್ ಬಚ್ಚಲುಮನೆಯ ಒಳಗೋ ಹೊರಗೋ ಎಂಬುದನ್ನೆಲ್ಲ ತೀರ್ಮಾನಿಸುವವರು ಮನೆ ಕಟ್ಟಿಸಿದ ನಾವು. ಬಾಡಿಗೆದಾರರು ಗೋಡೆಗೆ ಒಂದು ಮೊಳೆ ಹೊಡೆಯಲೂ ನಮ್ಮನ್ನು ಕೇಳಬೇಕು. ಹಾಗಿರುವಾಗ ಅಪಾಯದ ಹೊಣೆಯನ್ನು ಮಾತ್ರ ಪೂರ್ತಿ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೇಂದ್ರ ಸಚಿವ ಸಂಪುಟವು 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಅನುಸೂಚಿಯಲ್ಲಿ ಯಾವ ದುರಸ್ತಿ ಯಾರದ್ದೆಂದು ಹಂಚಿದ್ದಾರೆ. ಸುಣ್ಣಬಣ್ಣ, ನೀರಿನ ಪೈಪು, ವಿದ್ಯುತ್ ವೈರಿಂಗ್ ಮಾಲೀಕರ ಪಾಲಿಗೆ. ಗೀಸರ್ ದುರಸ್ತಿಯೂ ಅಡುಗೆಮನೆಯ ಜೋಡಣೆಗಳ ದುರಸ್ತಿಯೂ ಬಾಡಿಗೆದಾರರ ಪಾಲಿಗೆ. ಕೆಟ್ಟುಹೋದದ್ದನ್ನು ಯಾರು ರಿಪೇರಿ ಮಾಡಿಸಬೇಕು ಎಂಬುದಕ್ಕೆ ಈ ಹಂಚಿಕೆ ಸಾಕಾಗಬಹುದು. ಕೆಡುವ ಮೊದಲೇ ವರ್ಷಕ್ಕೊಮ್ಮೆ ನೋಡಬೇಕು ಎಂಬುದು ಬೇರೆ ಮಾತು. ಡಿಪೋದಲ್ಲಿ ಬಸ್ಸು ಚೆನ್ನಾಗಿ ಓಡುತ್ತಿದೆ ಎಂಬ ಕಾರಣಕ್ಕೆ ಎಫ್.ಸಿ., ಅಂದರೆ ವಾಹನದ ಯೋಗ್ಯತಾ ಪತ್ರ, ಬೇಡವೆಂದು ನಾವು ಒಂದು ದಿನವೂ ಹೇಳಲಿಲ್ಲ. ಸ್ಕೂಟರಿನ ಹೊಗೆಗೂ ತಪಾಸಣೆಯ ಚೀಟಿಯಿದೆ. ಐದಡಿ ನಾಲ್ಕಡಿಯ ಕೋಣೆಯಲ್ಲಿ ಮಕ್ಕಳು ಉಸಿರಾಡುವ ಹೊಗೆಗೆ ಇಲ್ಲ.

ನಮ್ಮ ಹಿರಿಯರ ಮಾಳಿಗೆ ಮನೆಗಳನ್ನು ಇಲ್ಲಿ ನೆನೆಯದೆ ಇರಲಾರೆ. ಗೋಡೆ ಎರಡಡಿ ದಪ್ಪ, ಕಿಟಕಿ ಕಡಿಮೆ, ಆದರೆ ಒಲೆಯ ನೆತ್ತಿಗೆ ಸರಿಯಾಗಿ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇಲ್ಲದ ಅಡುಗೆಮನೆಯನ್ನು ನಾನು ಕಂಡಿಲ್ಲ. ಮಳೆ ಬಂದಾಗ ಅಜ್ಜಿ ಮೇಲೆ ಹತ್ತಿ ಅದರ ಮೇಲೆ ಮಡಕೆಯ ಮುಚ್ಚಳ ಇಟ್ಟು, ಮಳೆ ನಿಂತ ಕೂಡಲೇ ಹೊಗೆ ಕಟ್ಟೀತೆಂದು ನಮ್ಮನ್ನು ಓಡಿಸಿ ತೆಗೆಸುತ್ತಿದ್ದಳು. ಸೌದೆಯ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಅದಕ್ಕೆ ದಾರಿ ಬಿಡುತ್ತಿದ್ದರು. ಗ್ಯಾಸಿನ ಹೊಗೆ ಕಾಣುವುದಿಲ್ಲವೆಂದು ನಾವು ಆರ್‌ಸಿಸಿ ಮನೆಗಳಲ್ಲಿ ದಾರಿಯನ್ನೇ ಮುಚ್ಚಿದೆವು.

ಮಾನ್ಯರೇ, ಇದನ್ನು ಜಾರಿಗೆ ತರಲು ಹೊಸ ಕಚೇರಿಯಾಗಲಿ ಹೊಸ ಹುದ್ದೆಯಾಗಲಿ ಬೇಕಿಲ್ಲವೆಂದು ನನ್ನ ನಂಬಿಕೆ. ಮಾಲೀಕರು ಪ್ರತಿ ವರ್ಷ ಆಸ್ತಿ ತೆರಿಗೆ ಕಟ್ಟಲು ಪಾಲಿಕೆಗೆ ಬಂದೇ ಬರುತ್ತೇವೆ. ಏಪ್ರಿಲ್ ತಿಂಗಳಲ್ಲೇ ಪೂರ್ತಿ ಕಟ್ಟಿದರೆ ಶೇಕಡಾ 5ರ ರಿಯಾಯಿತಿಯೂ ಇದೆ. ಬಾಡಿಗೆಗೆ ಕೊಟ್ಟ ಮನೆಯಾದರೆ ಆ ತೆರಿಗೆಯ ಅರ್ಜಿಯ ಜೊತೆ ಒಂದೇ ಪುಟದ ಗ್ಯಾಸ್ ತಪಾಸಣೆ ಚೀಟಿಯನ್ನು ಲಗತ್ತಿಸಬೇಕೆಂದು ಪಾಲಿಕೆ ಸೂಚಿಸಲಿ. ಆ ಪುಟದಲ್ಲಿ ಟ್ಯೂಬಿನ ಮೇಲಿನ ವರ್ಷ, ರೆಗ್ಯುಲೇಟರಿನ ಸ್ಥಿತಿ, ಸೋಪಿನ ನೊರೆಯ ಪರೀಕ್ಷೆ, ಜ್ವಾಲೆಯ ಬಣ್ಣ, ಗೀಸರ್ ಇರುವ ಜಾಗ, ಕಿಂಡಿ ತೆರೆದಿದೆಯೇ ಎಂಬುದು, ತಪಾಸಣೆ ಮಾಡಿದವರ ಹೆಸರು ಮತ್ತು ದಿನಾಂಕ, ಕೊನೆಗೆ ಬಾಡಿಗೆದಾರರ ಸಹಿ ಇದ್ದರೆ ಸಾಕು. ಕನ್ನಡದ ಜೊತೆ ತೆಲುಗು, ಉರ್ದು, ಹಿಂದಿಯಲ್ಲೂ ಅಚ್ಚು ಹಾಕಿಸಬೇಕು, ಏಕೆಂದರೆ ಸಹಿ ಮಾಡುವವರಿಗೆ ತಾವು ಯಾವುದಕ್ಕೆ ಸಹಿ ಮಾಡುತ್ತಿದ್ದೇವೆಂದು ಗೊತ್ತಿರಬೇಕು. ಅದೇ ಪುಟದ ಅಡಿಯಲ್ಲಿ ಗ್ಯಾಸ್ ಸೋರಿಕೆಗೆ ದಿನದ 24 ಗಂಟೆಯೂ ಕರೆ ಮಾಡಬಹುದಾದ 1906 ಸಂಖ್ಯೆ ದಪ್ಪಕ್ಷರದಲ್ಲಿರಲಿ. ನಮ್ಮ ಓಣಿಯಲ್ಲಿ ನಾನು ಕೇಳಿದ ಹನ್ನೆರಡು ಮನೆಗಳಲ್ಲಿ ಒಬ್ಬರಿಗೂ ಆ ಸಂಖ್ಯೆ ಗೊತ್ತಿರಲಿಲ್ಲ.

ತಪಾಸಣೆಗೆ ಅರ್ಹರು ಯಾರು ಎಂಬುದನ್ನು ಜಿಲ್ಲಾಧಿಕಾರಿಗಳು ಆಹಾರ ಇಲಾಖೆ, ಅಗ್ನಿಶಾಮಕ ಇಲಾಖೆ ಮತ್ತು ಗ್ಯಾಸ್ ವಿತರಕರನ್ನು ಒಂದೆಡೆ ಕೂರಿಸಿ ತೀರ್ಮಾನಿಸಿ, ತರಬೇತಿ ಪಡೆದ ಮೆಕ್ಯಾನಿಕ್‌ಗಳ ಪಟ್ಟಿಯನ್ನೂ ನಿಗದಿಯಾದ ಶುಲ್ಕವನ್ನೂ ವಾರ್ಡ್ ಕಚೇರಿಗಳಲ್ಲಿ ಹಾಕಿಸಬೇಕೆಂದು ಕೋರುತ್ತೇನೆ. ಇಲ್ಲವಾದರೆ ಸ್ಟೌವ್ ರಿಪೇರಿ ಎಂದು ಸೈಕಲ್ಲಿನ ಮೇಲೆ ಕೂಗುತ್ತ ಬರುವವರ ಕೈಯಲ್ಲೇ ಬರೆಸಿ ತಂದುಬಿಡುತ್ತೇವೆ. ಹೊಸ ಕಟ್ಟಡದ ನಕ್ಷೆ ಮಂಜೂರು ಮಾಡುವಾಗ ಬಚ್ಚಲುಮನೆಯ ಕಿಂಡಿಯನ್ನೂ ಗೀಸರಿಗೆ ಹೊರಗೋಡೆಯಲ್ಲಿ ಜಾಗವನ್ನೂ ಕೇಳಬೇಕು. ವಿಳಾಸದ ಪುರಾವೆ ಹೊಂದಿಸಲಾಗದ ಒಂಟಿ ಕೆಲಸಗಾರರಿಗೆ ಗುರುತಿನ ಚೀಟಿ ಒಂದರ ಮೇಲೆಯೇ ಸಿಗುವ 5 ಕೆಜಿಯ ಸಿಲಿಂಡರ್ ಇದೆ; ಅದು ಎಲ್ಲೆಲ್ಲಿ ಸಿಗುತ್ತದೆಂಬುದನ್ನು ಜನರಿಗೆ ತಿಳಿಸಿದರೆ ಅಕ್ರಮ ತುಂಬುವಿಕೆಯ ಅಂಗಡಿಗಳು ತಾವಾಗಿ ಬರಿದಾಗುತ್ತವೆ.

ಈ ಮಾತನ್ನು ನಾನು ಓಣಿಯ ಮಾಲೀಕರ ಮುಂದೆ ಇಟ್ಟಾಗ ಬಂದ ಆಕ್ಷೇಪಗಳನ್ನೂ ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಒಬ್ಬ ಹಿರಿಯರು, "ಇನ್ನೊಂದು ಚೀಟಿ ಅಂದ್ರೆ ಇನ್ನೊಂದು ಟೇಬಲ್ಲು, ಇನ್ನೊಂದು ಟೇಬಲ್ ಅಂದ್ರೆ ಇನ್ನೊಂದು ಕೈ" ಎಂದರು. ಅವರ ಅನುಭವವನ್ನು ನಾನು ತಳ್ಳಿಹಾಕಲಾರೆ. ಆದ್ದರಿಂದಲೇ ಪಾಲಿಕೆಯ ಸಿಬ್ಬಂದಿ ಮನೆಮನೆಗೆ ಬಂದು ಪಾಸು ಫೇಲು ಮಾಡುವ ವ್ಯವಸ್ಥೆಯನ್ನು ನಾನು ಕೇಳುತ್ತಿಲ್ಲ. ಮಾಲೀಕರು ಪಟ್ಟಿಯಲ್ಲಿರುವ ಯಾರನ್ನಾದರೂ ಕರೆಸಲಿ, ಬಾಡಿಗೆದಾರರು ಎದುರಿಗೆ ನಿಂತು ನೋಡಲಿ, ಚೀಟಿಯ ಒಂದು ಪ್ರತಿ ಅಡುಗೆಮನೆಯ ಗೋಡೆಗೆ ಅಂಟಲಿ. ಇನ್ನೊಬ್ಬರು ಖರ್ಚನ್ನೆಲ್ಲ ಬಾಡಿಗೆಗೆ ಏರಿಸುತ್ತೇವೆ ಎಂದರು. ಏರಿಸಿದರೂ ತಿಂಗಳಿಗೆ ಕೆಲವೇ ಹತ್ತು ರೂಪಾಯಿ. ನನಗೆ ಹೆಚ್ಚು ಚಿಂತೆಯಾಗಿರುವುದು ಬಾಡಿಗೆದಾರರೊಬ್ಬರು ಮೆಲ್ಲಗೆ ಹೇಳಿದ ಮಾತು: ಟ್ಯೂಬು ಹಳೆಯದಾಗಿದೆ, ಕಿಂಡಿ ಮುಚ್ಚಿದೆ ಎಂದು ದೂರಿದರೆ ಮುಂದಿನ ತಿಂಗಳು ಮನೆ ಖಾಲಿ ಮಾಡಿ ಎನ್ನುತ್ತಾರೆ. ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿಡುವ ಏರ್ಪಾಟಿಲ್ಲದೆ ಈ ನಿಯಮ ಕಾಗದದ ಮೇಲೆಯೇ ಉಳಿಯುತ್ತದೆ. ಅದಕ್ಕೊಂದು ದಾರಿಯನ್ನು ತಾವು ಹುಡುಕಲೇಬೇಕು.

ಮಾಲೀಕ ಬಂಧುಗಳೇ, ಆದೇಶ ಬರುವವರೆಗೆ ನಾವು ಕಾಯಬೇಕಾದುದಿಲ್ಲ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕಾಗುತ್ತದೆಂದು ನಮ್ಮಲ್ಲಿ ಕರಾರು ಬರೆಯುವವರು 11 ತಿಂಗಳದ್ದನ್ನೇ ಬರೆಯುತ್ತೇವೆ. ಆ 11 ತಿಂಗಳು ಮುಗಿದು ಹೊಸ ಕರಾರಿಗೆ ಸಹಿ ಹಾಕುವ ದಿನವನ್ನೇ ತಪಾಸಣೆಯ ದಿನ ಮಾಡಿಕೊಳ್ಳೋಣ. ಕರಾರನ್ನು ಬರಹದಲ್ಲಿ ಕೊಡೋಣ, ಬಾಡಿಗೆದಾರರು ತಮ್ಮ ಹೆಸರಿನಲ್ಲಿ ಸಂಪರ್ಕ ಪಡೆಯಲಿ. ಇವತ್ತು ಸಂಜೆಯೇ ಮೇಲೆ ಹತ್ತಿ, ಬಚ್ಚಲುಮನೆಯ ಕಿಂಡಿಗೆ ನಾವಾಗಲಿ ಅವರಾಗಲಿ ರಟ್ಟು, ಥರ್ಮಾಕೋಲ್, ಹಳೆಯ ಫ್ಲೆಕ್ಸು ಏನಾದರೂ ತುರುಕಿದ್ದೇವೆಯೇ ನೋಡಿ. ಗೀಸರ್ ಒಳಗಿದ್ದರೆ ಅದನ್ನು ಹೊರಗೆ ಹಾಕಿಸುವವರೆಗೆ ಮೊದಲು ಬಕೆಟ್ಟಿಗೆ ಬಿಸಿನೀರು ಹಿಡಿದುಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿಯಾಡಿಸಿ, ಆಮೇಲೆ ಸ್ನಾನಕ್ಕೆ ಹೋಗುವಂತೆ ಆ ಮನೆಯ ಹೆಣ್ಣುಮಕ್ಕಳಿಗೂ ಮುದುಕರಿಗೂ ತಿಳಿಸಿ ಹೇಳಿ.

ನನ್ನ ಮೂರು ಪೋರ್ಷನ್‌ಗಳ ತಪಾಸಣೆಯ ವಿವರವನ್ನು ಮೆಕ್ಯಾನಿಕ್ ಮತ್ತು ಬಾಡಿಗೆದಾರರ ಸಹಿಯೊಂದಿಗೆ ಒಂದೊಂದು ಪುಟದಲ್ಲಿ ಬರೆಸಿ, ಮೂರು ಪ್ರತಿಗಳನ್ನು ಈ ಪತ್ರದೊಂದಿಗೆ ತಮ್ಮ ಕಚೇರಿಗೆ ಸಲ್ಲಿಸಿದ್ದೇನೆ. ನಮೂನೆ ತಯಾರಿಸಲು ಅವು ಉಪಯೋಗಕ್ಕೆ ಬಂದರೆ ಬಳಸಿಕೊಳ್ಳಬಹುದು. ಆ ಪ್ಲೈವುಡ್ ತುಂಡನ್ನು ನಾನು ಎಸೆದಿಲ್ಲ. ಪಾಲಿಕೆಯ ಎಂಜಿನಿಯರರಾಗಲಿ, ಓಣಿಯ ಯಾವ ಮಾಲೀಕರಾಗಲಿ ನಮ್ಮ ಮನೆಗೆ ಬಂದರೆ ಅದನ್ನೂ, ಈಗ ಬಾಲ್ಕನಿಗೆ ಬಂದಿರುವ ಗೀಸರನ್ನೂ ತೋರಿಸುತ್ತೇನೆ. ಮುಂದಿನ ತಪಾಸಣೆಯನ್ನು ಡಿಸೆಂಬರ್ ಮೊದಲ ವಾರಕ್ಕೆ ಇಟ್ಟುಕೊಂಡಿದ್ದೇನೆ.

ತಮ್ಮ ವಿಶ್ವಾಸಿ,
ಮೂರು ಬಾಡಿಗೆ ಮನೆಗಳ ಮಾಲೀಕ,
ಸಿರುಗುಪ್ಪ ರಸ್ತೆ, ಬಳ್ಳಾರಿ